ಹುಂಜವನ್ನು ಬೇರೆ ಮಾಡಿದರೆ ಮೊಟ್ಟೆ ನಿಲ್ಲುತ್ತಾ?

ಪ್ರಶ್ನೆ: ಒಂದೇ ಸಲ ಹುಟ್ಟಿದ ಕೋಳಿಗಳು, ಈಗ ಐದು ತಿಂಗಳು. ಹುಂಜ ಹೇಂಟೆಗಳನ್ನು ಅಟ್ಟಿಸಿಕೊಂಡು ಹೋಗಿ ಕತ್ತಿನ ಪುಕ್ಕ ಹಿಡಿದು ಎಳೆಯುತ್ತದೆ. ಅವು ಕಿರುಚಿಕೊಂಡು ಓಡುತ್ತವೆ. ಬೇರೆ ಕೂಡಿಹಾಕೋಣ ಅಂದರೆ, ಹುಂಜ ಇಲ್ಲದೆ ಮೊಟ್ಟೆ ಬರಲ್ಲ ಅಂತಾರೆ. ಏನು ಮಾಡಲಿ?

ಮರಿಗಳು ದೊಡ್ಡವಾಗುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮೊದಲು ಸಮಾಧಾನ ಮಾಡಿಕೊಳ್ಳಿ, ಅದು ಜಗಳವಲ್ಲ. ಒಂದೇ ವಯಸ್ಸಿನ ಕೋಳಿಗಳಲ್ಲಿ ಸಾಮಾನ್ಯವಾಗಿ ಗಂಡು ಮೊದಲು ಪ್ರಾಯಕ್ಕೆ ಬರುತ್ತದೆ. ನಾಲ್ಕೈದು ತಿಂಗಳಿಗೇ ಅದು ಕೂಗುತ್ತದೆ, ಹತ್ತಲು ನೋಡುತ್ತದೆ. ಹೆಣ್ಣು ಇನ್ನೂ ತಯಾರಿರುವುದಿಲ್ಲ.

ಪಳಗಿದ ಹುಂಜದ ರೀತಿಯೇ ಬೇರೆ. ಕಾಳು ಸಿಕ್ಕರೆ ತಾನು ತಿನ್ನದೆ, ಎತ್ತಿ ಎತ್ತಿ ಹಾಕುತ್ತಾ ಹೇಂಟೆಯನ್ನು ಕರೆಯುತ್ತದೆ. ಒಂದು ರೆಕ್ಕೆ ಇಳಿಬಿಟ್ಟು ಅದರ ಸುತ್ತ ಅಡ್ಡಡ್ಡ ಹೆಜ್ಜೆ ಹಾಕುತ್ತದೆ. ಹೇಂಟೆಗೆ ಒಪ್ಪಿಗೆಯಿದ್ದರೆ ಮೈ ತಗ್ಗಿಸಿ, ರೆಕ್ಕೆ ಸ್ವಲ್ಪ ಅಗಲಿಸಿ ಕೂರುತ್ತದೆ. ಹುಂಜ ಮೇಲೆ ಹತ್ತಿ, ಜಾರದ ಹಾಗೆ ಕತ್ತಿನ ಪುಕ್ಕವನ್ನೋ ಜುಟ್ಟನ್ನೋ ಕೊಕ್ಕಿನಲ್ಲಿ ಹಿಡಿಯುತ್ತದೆ. ಎಲ್ಲ ಮುಗಿಯಲು ಕೆಲವೇ ಸೆಕೆಂಡು. ಹೇಂಟೆ ಎದ್ದು ಮೈ ಕೊಡವಿ ತನ್ನ ಪಾಡಿಗೆ ಹೋಗುತ್ತದೆ. ನಿಮ್ಮ ಎಳೆ ಹುಂಜಕ್ಕೆ ಹಿಡಿಯುವುದು ಗೊತ್ತು, ಕರೆಯುವುದು ಇನ್ನೂ ಗೊತ್ತಿಲ್ಲ. ಕೆಲವು ತಿಂಗಳಲ್ಲಿ ಹೆಚ್ಚಿನವು ಕಲಿಯುತ್ತವೆ. ಗುಂಪಿನಲ್ಲಿ ವಯಸ್ಸಾದ ಹೇಂಟೆಗಳಿದ್ದರೆ ಕುಕ್ಕಿಸಿಕೊಂಡು ಬೇಗ ಕಲಿಯುತ್ತವೆ.

ಈಗ ನಿಮ್ಮ ಪ್ರಶ್ನೆಯ ಕೊನೆಯ ಮಾತಿಗೆ ಬರೋಣ. ಹುಂಜ ಇಲ್ಲದೆ ಮೊಟ್ಟೆ ಇಲ್ಲ ಅನ್ನುವ ಈ ನಂಬಿಕೆಯನ್ನು ಎಷ್ಟು ಸಲ ತಿದ್ದಿದ್ದೇನೋ, ಲೆಕ್ಕವಿಲ್ಲ. ಮತ್ತೆ ತಿದ್ದುತ್ತೇನೆ. ಯಾಕಂದ್ರೆ ಇದರಿಂದ ನೋವು ತಿನ್ನುವುದು ಆ ಎಳೆ ಹೇಂಟೆಗಳು.

ಮೊಟ್ಟೆ ಶುರುವಾಗುವುದು ಹೇಂಟೆಯ ವಯಸ್ಸು, ಮೇವು ಮತ್ತು ಬೆಳಕಿನಿಂದ. ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಕ್ಕರೆ ಚೆನ್ನಾಗಿ ಇಡುತ್ತದೆ. ಅಂಡಾಶಯದಿಂದ ಹಳದಿ ಬಿಡುಗಡೆಯಾಗಿ ನಾಳದಲ್ಲಿ ಇಳಿಯುತ್ತಾ ಬಿಳಿ ಲೋಳೆ, ಪೊರೆ, ಚಿಪ್ಪು ಕಟ್ಟಿಕೊಳ್ಳುತ್ತದೆ. ಒಟ್ಟು 24ರಿಂದ 26 ಗಂಟೆ. ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಬೇಕು. ಹುಂಜದ ವೀರ್ಯಾಣುವಿಗೆ ಅವಕಾಶ ಇರುವುದು ನಾಳದ ಬಾಯಲ್ಲಿ, ಮೊದಲ ಕಾಲು ಗಂಟೆಯಷ್ಟು ಮಾತ್ರ. ಅಲ್ಲಿ ಸೇರಿದರೆ ಕಾವು ಕೊಟ್ಟಾಗ ಮರಿಯಾಗಬಹುದು. ಸೇರದಿದ್ದರೂ ಹಳದಿ ಅಲ್ಲೇ ನಿಂತು ಕಾಯುವುದಿಲ್ಲ, ಇಳಿಯುತ್ತದೆ, ಚಿಪ್ಪು ಕಟ್ಟಿಕೊಳ್ಳುತ್ತದೆ, ಹೊರಗೆ ಬರುತ್ತದೆ. ತಿನ್ನುವ ಮೊಟ್ಟೆಗೆಂದೇ ಸಾಕುವ ದೊಡ್ಡ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಅಲ್ಲಿ ಮೊಟ್ಟೆಗೇನು ಕೊರತೆ?

"ನಮ್ಮಲ್ಲಿ ಹುಂಜ ಹತ್ತಲು ಶುರು ಮಾಡಿದ ಮೇಲೇ ಮೊಟ್ಟೆ ಬಂತು" ಅನ್ನುವವರಿದ್ದಾರೆ. ಅವರು ಕಂಡದ್ದು ನಿಜ, ಕಾರಣ ಮಾತ್ರ ತಪ್ಪು. ಅಂಡಾಶಯ ಕೆಲಸ ಶುರು ಮಾಡಿದಾಗ ಹೇಂಟೆ ತಾನಾಗಿ ಮೈ ತಗ್ಗಿಸಿ ಕೂರಲು ತೊಡಗುತ್ತದೆ. ಕೂತಿದ್ದರಿಂದ ಹುಂಜಕ್ಕೆ ಹತ್ತಲು ಸಿಕ್ಕಿತು. ಕೆಲವು ದಿನಕ್ಕೆ ಮೊಟ್ಟೆಯೂ ಬಂತು. ಎರಡಕ್ಕೂ ಕಾರಣ ಹೇಂಟೆಯ ಮೈಯೊಳಗೇ ಇದೆ ಅಲ್ವಾ? ನೀವು ಬೆನ್ನ ಮೇಲೆ ಕೈ ಇಟ್ಟರೂ ಅದು ಹಾಗೇ ಕೂರುತ್ತದೆ. ಹಾಗೆ ಕೂತರೆ ಮೊಟ್ಟೆ ದೂರವಿಲ್ಲ ಅಂತ ತಿಳಿಯಿರಿ.

ಹಾಗಾಗಿ ಧೈರ್ಯವಾಗಿ ಬೇರೆ ಮಾಡಿ. ಬೆನ್ನು ಬೋಳಾಗಿದ್ದರೆ, ಜುಟ್ಟಿನಲ್ಲಿ ರಕ್ತ ಕಂಡರೆ, ಹೇಂಟೆಗಳು ಮೇವಿಗೂ ಕೆಳಗಿಳಿಯಲು ಹೆದರಿದರೆ ಒಂದು ದಿನವೂ ತಡ ಬೇಡ. ರೆಕ್ಕೆಯ ಕೆಳಗೆ ಎತ್ತಿ ನೋಡಿ, ಉಗುರು ಸೀಳಿದ ಗಾಯ ಪುಕ್ಕದಡಿ ಅಡಗಿರುತ್ತದೆ. ಜಾಲರಿಯ ಆಚೆ, ಪರಸ್ಪರ ಕಾಣುವ ಹಾಗೆ ಇಟ್ಟರೆ ಮತ್ತೆ ಸೇರಿಸುವುದು ಸುಲಭ. ಹೇಂಟೆಗಳು ಮೊಟ್ಟೆ ಶುರು ಮಾಡಿದ ಮೇಲೆ ಸೇರಿಸಿ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಇದ್ದರೆ ಒಳ್ಳೆಯದು. ಮೂರೇ ಇದ್ದರೆ ಎಲ್ಲ ಭಾರವೂ ಆ ಮೂರರ ಮೇಲೇ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು, ನನಗೆ ತುಂಬ ಇಷ್ಟವಾದದ್ದು. ಪ್ರತಿ ಮೊಟ್ಟೆಗೂ ಹುಂಜ ಹತ್ತಬೇಕಿಲ್ಲ. ಹೇಂಟೆಯ ನಾಳದೊಳಗೆ ವೀರ್ಯವನ್ನು ಕಾಪಿಡುವ ಸಣ್ಣ ಸಣ್ಣ ಕೊಳವೆಗಳಿವೆ. ಒಮ್ಮೆ ಕೂಡಿದರೆ ಸುಮಾರು ಎರಡು ವಾರ ಮರಿಯಾಗುವ ಮೊಟ್ಟೆ ಬರಬಹುದು, ಕೆಲವು ಸಲ ಇನ್ನೂ ಜಾಸ್ತಿ. ಬೇರೆ ಹುಂಜದ ಮರಿ ಬೇಕಿದ್ದರೆ ಹಳೆಯದನ್ನು ತೆಗೆದು ಮೂರು ನಾಲ್ಕು ವಾರ ಕಾಯಿರಿ.

ಮೊಟ್ಟೆ ಒಡೆದಾಗ ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿ. ಅಂಚಿನಲ್ಲಿ ಬಳೆಯಂತೆ ಗುಂಡಗಿನ ಗೆರೆ ಕಂಡರೆ ಹುಂಜ ಸೇರಿದ ಮೊಟ್ಟೆ. ಗೆರೆಯಿಲ್ಲದ, ಅಂಕುಡೊಂಕಾದ ಸಣ್ಣ ಚುಕ್ಕೆಯಾದರೆ ಸೇರದ್ದು. ಆಗಾಗ ಕಾಣುವ ರಕ್ತದ ಕಲೆಗೂ ಹುಂಜಕ್ಕೂ ಸಂಬಂಧವಿಲ್ಲ. ಮೊಟ್ಟೆ ಆಗುವಾಗ ಒಂದು ಸಣ್ಣ ರಕ್ತನಾಳ ಒಡೆದಿರುತ್ತದೆ, ಅಷ್ಟೇ.