ಹಳೆ ಅರ, ಹೊಸ ಉಳಿ
ಲೇತಿನಲ್ಲಿ ಮರ ಕಡೆಯಲು ಕಲಿಯುತ್ತಿದ್ದ ಹೊಸದರಲ್ಲಿ, ಹಳೆ ಅರವೊಂದರ ಮೂತಿ ಮಸೆದು ಅದನ್ನೇ ಉಳಿಯಾಗಿ ಹಿಡಿದಿದ್ದೆ. ಹುಣಸೆ ತುಂಡಿನ ಗಂಟಿಗೆ ಅದು ಸಿಕ್ಕಿಕೊಂಡಿತು. ಟಕ್ ಎಂದು ಎರಡು ತುಂಡು! ಒಂದು ಚೂರು ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಮುರಿದ ಜಾಗದಲ್ಲಿ ಬಾಗಿದ ಗುರುತೇ ಇರಲಿಲ್ಲ. ಗಾಜಿನ ಹಾಗೆ ಒಡೆದಿತ್ತು.

10 ಸೆಂಟಿಮೀಟರ್ ದಪ್ಪದ ಮರ ನಿಮಿಷಕ್ಕೆ 1000 ಸುತ್ತು ತಿರುಗಿದರೆ, ಅದರ ಮೈ ಸೆಕೆಂಡಿಗೆ 5 ಮೀಟರಿಗೂ ಜಾಸ್ತಿ ವೇಗದಲ್ಲಿ ಉಳಿಗೆ ಬಡಿಯುತ್ತದೆ. ಅರ ಇಂಥ ಪೆಟ್ಟು ತಿನ್ನಲು ಮಾಡಿದ್ದಲ್ಲ.

ಅರದ ಉಕ್ಕಿನಲ್ಲಿ ಇಂಗಾಲ ಶೇಕಡ 1ರ ಆಸುಪಾಸು ಇರುತ್ತದೆ. ಉಕ್ಕನ್ನು ಕೆಂಪಗೆ, ಸುಮಾರು 800 ಡಿಗ್ರಿಗೆ ಕಾಯಿಸಿದಾಗ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗಿ, ನಡುವೆ ಇಂಗಾಲಕ್ಕೆ ಜಾಗ ಸಿಗುತ್ತದೆ. ತಕ್ಷಣ ಅದ್ದಿ ತಣಿಸಿದರೆ ಇಂಗಾಲಕ್ಕೆ ಹೊರಬರಲು ಹೊತ್ತಿಲ್ಲ, ಒಳಗೇ ಸಿಕ್ಕಿಬೀಳುತ್ತದೆ. ಹೀಗೆ ಬಿಗಿದುಕೊಂಡ ಜೋಡಣೆಗೆ ಮಾರ್ಟೆನ್‌ಸೈಟ್ ಎಂದು ಹೆಸರು. ಬೇರೆ ಕಬ್ಬಿಣವನ್ನೇ ಉಜ್ಜುವಷ್ಟು ಗಟ್ಟಿ, ಆದರೆ ಬಲು ಪೆಡಸು. ಮತ್ತೆ ಹದವಾಗಿ ಬಿಸಿ ಮಾಡಿದರೆ ಇಂಗಾಲ ಸ್ವಲ್ಪ ಸ್ವಲ್ಪವೇ ಹೊರಬಂದು ಸಣ್ಣ ಕಣಗಳಾಗುತ್ತದೆ, ಬಿಗಿತ ಸಡಿಲುತ್ತದೆ. ಗಟ್ಟಿತನ ತುಸು ಕಡಿಮೆ, ತಾಳಿಕೆ ಜಾಸ್ತಿ.

ಈ ಹದವನ್ನು ನನಗೆ ತೋರಿಸಿದ್ದು ಮಂಡ್ಯ ಕಡೆಯ ಒಂದು ಕುಲುಮೆ. ಅಲ್ಲಿ ಕಬ್ಬು ಕಡಿಯುವ ಮಚ್ಚಿಗೆ ಹದ ಕೊಡುತ್ತಿದ್ದರು. ಆಲೆಮನೆಯಲ್ಲಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಬೆಲ್ಲದ ಹದ ನೋಡುತ್ತಾರಲ್ವಾ? ಇಲ್ಲಿ ಕಣ್ಣೇ ಸಾಕು.

ಮೊದಲು ಇನ್ನೊಂದು ಹಳೆ ಅರದ ಹಲ್ಲನ್ನೆಲ್ಲ ಮಸೆದು ತೆಗೆದೆವು. ಬಿರುಕು ಶುರುವಾಗುವುದೇ ಆ ಗೀರುಗಳಲ್ಲಿ. ಗ್ರೈಂಡರಿನಲ್ಲಿ ಕಿಡಿ ಸುರುಸುರು ಬತ್ತಿಯ ಹಾಗೆ ಕವಲೊಡೆದು ಹಾರಿತು. ಇಂಗಾಲ ಚೆನ್ನಾಗಿದೆ ಎನ್ನಲು ಅದೇ ಗುರುತು. ಆಮೇಲೆ ಮೈಯನ್ನು ಮರಳು ಕಾಗದದಲ್ಲಿ ಫಳಫಳ ಉಜ್ಜಿ, ಹಿಡಿಗೆ ಸೇರುವ ತುದಿಯನ್ನು ಕೆಂಡದಲ್ಲಿಟ್ಟೆವು.

ಬಣ್ಣ ಆ ತುದಿಯಿಂದ ಹೊರಟಿತು. ಮೊದಲು ಒಣಹುಲ್ಲಿನ ಹಳದಿ, ಅದರ ಬೆನ್ನಿಗೆ ಕಂದು, ನೇರಳೆ, ಕೊನೆಗೆ ನವಿಲುಗತ್ತಿನ ನೀಲಿ. ಸಾಲಾಗಿ ಬಾಯಿಯತ್ತ ತೆವಳಿದವು. ಇದು ಉಕ್ಕಿನ ಬಣ್ಣವಲ್ಲ. ಮೇಲೆ ಕಟ್ಟುವ ತುಕ್ಕಿನಂಥ ತೆಳು ಪೊರೆಯಲ್ಲಿ ಬೆಳಕು ಆಡುವ ಆಟ, ಸೋಪಿನ ಗುಳ್ಳೆಯಲ್ಲಿ ಕಾಣುವಂಥದ್ದೇ. ಬಿಸಿ ಏರಿದಂತೆ ಪೊರೆ ದಪ್ಪವಾಗುತ್ತದೆ, ಬಣ್ಣ ಬದಲಾಗುತ್ತದೆ. ಹುಲ್ಲಿನ ಹಳದಿ ಎಂದರೆ ಸುಮಾರು 220 ಡಿಗ್ರಿ, ನೀಲಿ ಎಂದರೆ 300ರ ಹತ್ತಿರ.

"ಬಾಯಿ ನೀಲಿ ಆಗಕೆ ಬುಡ್ಬ್ಯಾಡಿ. ಹುಲ್ಲಿನ ಬಣ್ಣ ಬಂದೇಟ್ಗೆ ನೀರ್ಗೆ ಅದ್ಬುಡಿ," ಎಂದರು ಕುಲುಮೆಯವರು. ಅದ್ದಿದೆ. ಚುಂಯ್ ಎಂದಿತು.

ಅದೇ ಉಳಿ ಈಗಲೂ ನನ್ನ ಹತ್ತಿರ ಇದೆ. ಬಾಯಿ ಹಳದಿ, ಗಟ್ಟಿ. ಬುಡ ನೀಲಿ, ಪೆಟ್ಟು ತಡೆಯುತ್ತದೆ. ಒಂದೇ ಕಬ್ಬಿಣದಲ್ಲಿ ಎರಡು ಗುಣ ಬರುವ ಈ ಕೆಲಸ ನನಗೆ ಇಂದಿಗೂ ಬೆರಗು. ಹಿತ್ತಾಳೆ ಬಳೆ ತೊಡಿಸಿ, ಒಂದೂವರೆ ಅಡಿ ಉದ್ದದ ಹಿಡಿ ಹಾಕಿದ್ದೇನೆ. ಹಿಡಿ ಉದ್ದವಾದಷ್ಟೂ ಮರದ ಎಳೆತ ಕೈಗೆ ಹಗುರ.

ಮಸೆಯುವಾಗ ಮಾತ್ರ ಬಹಳ ಎಚ್ಚರ ಬೇಕು. ಗ್ರೈಂಡರಿನ ಬಿಸಿಗೆ ಬಾಯಿ ನೀಲಿಯಾದರೆ ಅಷ್ಟು ಭಾಗದ ಹದ ಹೋಯಿತು, ಮಸೆದು ತೆಗೆಯಲೇಬೇಕು. ಅದಕ್ಕೇ ಪಕ್ಕದಲ್ಲೇ ಒಂದು ಡಬ್ಬಿ ನೀರು ಇಟ್ಟು, ಎರಡು ಮೂರು ಸೆಕೆಂಡಿಗೊಮ್ಮೆ ಅದ್ದುತ್ತೇನೆ.