ಬೆಂಡೆ ಎಲೆ ಹಳದಿಯಾದರೆ ಮೊದಲು ನರ ನೋಡಿ

ಪ್ರಶ್ನೆ: ನಮ್ಮ ಕಾಲೋನಿ ತೋಟದಾಗ ಬೆಂಡಿ ಎಲಿ ಎಲ್ಲಾ ಹಳದಿ ಆಗ್ಯಾವ್ರೀ. ಎರಡು ಸಲ ಯೂರಿಯಾ ಹಾಕೀವಿ, ಹಸಿರೇ ಆಗವಲ್ಲವು. ಏನು ಮಾಡಬೇಕು? (ಕಲಬುರಗಿಯ ಓದುಗರು)

ಮೊದಲು ಯೂರಿಯಾ ನಿಲ್ಲಿಸಿ. ಆಮೇಲೆ ತುದಿಯ ಒಂದು ಎಳೆ ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ. ನರ ಯಾವ ಬಣ್ಣ ಇದೆ?

ನರ ಹಳದಿ, ನಡುವೆ ಹಸಿರು, ಎಲೆ ಮೇಲೆ ಹಳದಿ ದಾರದ ಬಲೆ ಹೆಣೆದ ಹಾಗೆ ಕಂಡರೆ ಅದು ಹಳದಿ ನಂಜು ರೋಗ. ವೈರಸ್‌ನಿಂದ ಬರುವಂಥದ್ದು. ನರ ಹಸಿರಿದ್ದು ನಡುವೆ ಹಳದಿಯಾಗಿದ್ದರೆ ಕಬ್ಬಿಣದ ಕೊರತೆ. ನಮ್ಮ ಎರೆಮಣ್ಣಿನಲ್ಲಿ ಸುಣ್ಣ ಜಾಸ್ತಿ ಅಲ್ವಾ, ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನೀರು ನಿಂತರೆ ಇನ್ನೂ ಕಷ್ಟ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ನಿಂಬೆರಸ ಬೆರೆಸಿ ಎಲೆಗೆ ಸಿಂಪಡಿಸಿ, ಹೊಸ ಚಿಗುರು ಹಸಿರಾಗಿ ಬರುತ್ತದೆ. ಇನ್ನು ಯೂರಿಯಾ ಬೇಕಾದ ಗಿಡದಲ್ಲಿ ಮೊದಲು ಹಳದಿಯಾಗುವುದು ಕೆಳಗಿನ ಹಳೇ ಎಲೆ.

ಇಂಥ ತೋಟಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ನಂಜೇ. ಅದನ್ನು ಹರಡುವುದು ಬಿಳಿನೊಣ. ಎಲೆ ಮಗುಚಿ ನೋಡಿ, ಅಡಿಯಲ್ಲಿ ಹಿಟ್ಟು ಉದುರಿದ ಹಾಗೆ ಕೂತಿರುತ್ತವೆ. ಗಿಡ ಅಲುಗಾಡಿಸಿದರೆ ಪುರ್ರನೆ ಎದ್ದು ಮತ್ತೆ ಅಲ್ಲೇ ಬಂದು ಕೂರುತ್ತವೆ. ಒಂದು ಮಿಲಿಮೀಟರ್ ಅಷ್ಟೇ ಇರುವ ಹುಳ. ರೋಗದ ಗಿಡದ ರಸ ಹೀರಿ ಪಕ್ಕದ ಗಿಡಕ್ಕೆ ಹಾರಿದರೆ ಸಾಕು, ನಂಜು ಅಲ್ಲಿಗೂ ಮುಟ್ಟಿತು. ಹತ್ತಿ, ದಾಸವಾಳ, ಬದುವಿನ ಕಳೆ, ಎಲ್ಲಾ ಕಡೆ ಇದು ಬದುಕುತ್ತದೆ. ಯೂರಿಯಾ ಹಾಕಿ ಎಲೆ ಎಳಸಾದಷ್ಟೂ ಅದಕ್ಕೆ ಹಬ್ಬ.

ಹತ್ತಿದ ನಂಜಿಗೆ ಮದ್ದಿಲ್ಲ. ಅಂಗಡಿಯವರು ಕೊಡುವ ಬೂಷ್ಟಿನ ಔಷಧಿ ವೈರಸ್‌ಗೆ ನಾಟುವುದಿಲ್ಲ, ದುಡ್ಡು ಸುಮ್ನೆ ದಂಡ. ಗಿಡ ಕೀಳಬೇಕು. ಇದು ಹೇಳಿದಷ್ಟು ಸುಲಭ ಅಲ್ಲ, ನನಗೂ ಗೊತ್ತು. ಹೋದ ವರ್ಷ ಮೂರು ಹೀಚು ಬಿಟ್ಟಿದೆಯಲ್ಲ ಅಂತ ಒಂದು ಗಿಡ ಉಳಿಸಿಕೊಂಡೆ. ತಿಂಗಳೊಳಗೆ ಇಡೀ ಸಾಲು ಹೋಯಿತು. ಬೆಳಿಗ್ಗೆ ತಂಪಿನಲ್ಲಿ ನೊಣ ಮಂಕಾಗಿರುತ್ತದೆ. ಆಗ ಗಿಡದ ಮೇಲೆ ಚೀಲ ಮುಚ್ಚಿ, ಚೀಲದ ಸಮೇತ ಕಿತ್ತು ಹಾಕಿ.

ಉಳಿದ ಗಿಡಗಳಿಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು ಕದಡಿ ಸಂಜೆ ಹೊತ್ತು ಸಿಂಪಡಿಸಿ. ಎಲೆಯ ಮೇಲೆ ಹೊಡೆದು ಬಂದರೆ ಕೆಲಸ ಆಗುವುದಿಲ್ಲ, ಅಡಿಗೆ ತಾಗಬೇಕು. ಹಳದಿ ಬಣ್ಣದ ತಗಡಿಗೆ ಔಡಲ ಎಣ್ಣೆ ಸವರಿ ಗಿಡದೆತ್ತರಕ್ಕೆ ಕಟ್ಟಿ. ಹಳದಿ ಕಂಡರೆ ಬಿಳಿನೊಣ ಹೋಗಿ ಅಂಟುತ್ತದೆ.

ಮುಂದಿನ ಸಲ ಬಿತ್ತುವಾಗ ಸುತ್ತಲೂ ಎರಡು ಸಾಲು ಜೋಳ ಹಾಕಿ, ನೊಣಕ್ಕೆ ಗೋಡೆಯ ಹಾಗೆ ನಿಲ್ಲುತ್ತದೆ. ಬೀಜವೂ ನೋಡಿ ತನ್ನಿ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಗೆ ಕಾಡುಬೆಂಡೆಯಿಂದ ನಂಜು ತಡೆಯುವ ಗುಣ ತಂದಿದ್ದಾರೆ. ಬೀದರಿನ ಆಚೆ ಮರಾಠವಾಡದ ಪರಭಣಿಯಿಂದ ಬಂದ ಪರಭಣಿ ಕ್ರಾಂತಿಯೂ ಹಾಗೇ. ಹಾಗಂತ ಪೂರ್ತಿ ನಂಬಿ ಕೂರಬೇಡಿ. ಹಿಂದೆ ಪೂಸಾ ಸಾವನಿಯೂ ನಂಜು ತಡೆಯುತ್ತದೆ ಅಂತಲೇ ಬಂದಿತ್ತು, ಕೆಲವೇ ವರ್ಷಗಳಲ್ಲಿ ಸೋತಿತು. ಈ ಎರಡೂ ಈಗ ಎಷ್ಟೋ ಕಡೆ ಮೊದಲಿನಷ್ಟು ಗಟ್ಟಿ ನಿಲ್ಲುತ್ತಿಲ್ಲ.

ನಂಜಿನ ಗಿಡದ ಕಾಯಿ ತಿನ್ನಬಹುದಾ ಅಂತ ನಿಮ್ಮ ಮನೆಯಲ್ಲೂ ಕೇಳುತ್ತಾರೆ. ತಿನ್ನಬಹುದು, ಗಿಡದ ಈ ವೈರಸ್ ಮನುಷ್ಯರಿಗೆ ಹತ್ತುವುದಿಲ್ಲ. ಕಾಯಿ ಬಿಳಿಚಿಕೊಂಡು ನಾರಾಗಿರುತ್ತದೆ ಅಷ್ಟೇ. ತುದಿ ಮುರಿದು ನೋಡಿ. ಚಟ್ಟನೆ ಮುರಿದರೆ ಪಲ್ಯ ಮಾಡಿ, ಬಾಗಿದರೆ ತಿಪ್ಪೆಗೆ ಹಾಕಿ.