ಬಲಿತ ಕೋಳಿ, ಅಂಟು ಸಾರು

ರಾತ್ರಿ ಫ್ರಿಜ್ಜಿನಲ್ಲಿಟ್ಟ ಕೋಳಿ ಸಾರನ್ನು ಬೆಳಿಗ್ಗೆ ತೆಗೆದು ನೋಡಿದ್ದೀರಾ? ಕಳೆದ ಶನಿವಾರ ಸ್ಲೋ ಕುಕ್ಕರ್‌ನಲ್ಲಿ, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆಯಲ್ಲಿ, ಮಾಡಿದ ಸಾರು ನಮ್ಮ ಮನೆಯಲ್ಲಿ ಮಿಕ್ಕಿದ್ದು ಒಂದೇ ಬಟ್ಟಲು. ಬೆಳಿಗ್ಗೆ ಅದನ್ನು ಓರೆ ಮಾಡಿದೆ, ಸಾರು ಹರಿಯಲಿಲ್ಲ. ಚಮಚದಿಂದ ತಟ್ಟಿದರೆ ಸುಮ್ನೆ ಅಲುಗಿತು. ಮೇಲೆ ತೆಳ್ಳಗೆ ಹಳದಿ ಕೊಬ್ಬು, ಕೆಳಗೆ ಹಲ್ವದ ಹಾಗೆ ಗಟ್ಟಿಯಾದ ಕಂದು ಸಾರು. "ಕೆಟ್ಟು ಹೋಗಿದೆ, ಚೆಲ್ಲಮ್ಮಾ" ಅಂದಳು ಮಗಳು. ಕೆಟ್ಟಿರಲಿಲ್ಲ. ಆ ಅಡುಗೆಯ ಸಾರವೆಲ್ಲ ಅಲ್ಲೇ ಕೂತಿತ್ತು.

ಅದು ನಾಟಿ ಕೋಳಿಯೂ ಅಲ್ಲ. ನಾಟಿ ಕೋಳಿಯ ಬೆಲೆ ಐದು ಜನರ ಮನೆಗೆ ವಾರ ವಾರ ಹೊಂದುವಂಥದ್ದಲ್ಲ. ಹಿಂದಿನ ದಿನ ಮಡಿಕೇರಿ ಸಂತೆಗೆ ಹೋದಾಗ ತಂದದ್ದು ಮೊಟ್ಟೆ ಇಟ್ಟು ಮುಗಿದ ಫಾರಂ ಕೋಳಿ, ಅಂಗಡಿಯವರ ಬಾಯಲ್ಲಿ ಲೇಯರ್. ಬಾಯ್ಲರ್ ಕೋಳಿ ಸುಮಾರು 6 ವಾರಕ್ಕೇ ಅಂಗಡಿ ಸೇರುತ್ತದೆ. ಲೇಯರ್ ಅಂಗಡಿಗೆ ಬರುವಷ್ಟರಲ್ಲಿ ಅದಕ್ಕೆ ಹೆಚ್ಚುಕಮ್ಮಿ ಒಂದೂವರೆ ವರ್ಷ ತುಂಬಿರುತ್ತದೆ. "ಅದು ರಬ್ಬರ್, ತಗೋಬೇಡಿ" ಅನ್ನುವವರೇ ಜಾಸ್ತಿ. ಈ ಮಾತು ಕೇಳಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಆ ರಬ್ಬರ್ ಇಲ್ಲದಿದ್ದರೆ ಸಾರಿಗೆ ಆ ಅಂಟು ಎಲ್ಲಿಂದ ಬರಬೇಕು?

ಗಟ್ಟಿತನದ ಹೆಸರು ಕೊಲಾಜೆನ್. ಮಾಂಸದ ಎಳೆಗಳನ್ನು ಕಟ್ಟಿ ಹಿಡಿಯುವ, ಅವನ್ನು ಮೂಳೆಗೆ ಬಿಗಿಯುವ ಪ್ರೋಟೀನ್ ಇದು. ದನ ಕಟ್ಟುವ ಹಗ್ಗ ನೆನಪಿಸಿಕೊಳ್ಳಿ. ಮೂರು ಎಳೆಗಳನ್ನು ಒಂದರ ಸುತ್ತ ಒಂದು ಹೊಸೆದ ಹಗ್ಗ. ಕೊಲಾಜೆನ್ ಕೂಡ ಹಾಗೆಯೇ, ಮೂರೆಳೆಯ ಹುರಿ. ಎಳೆ ಕೋಳಿಯಲ್ಲಿ ಈ ಹಗ್ಗಗಳು ಅಕ್ಕಪಕ್ಕ ಸುಮ್ನೆ ಮಲಗಿರುತ್ತವೆ. ವಯಸ್ಸಾದಂತೆ ಒಂದು ಹಗ್ಗಕ್ಕೂ ಇನ್ನೊಂದಕ್ಕೂ ನಡುವೆ ಗಂಟು ಬೀಳುತ್ತಾ ಹೋಗುತ್ತದೆ. ಹೊಸದಾಗಿ ಹಾಕಿದ ಬೇಲಿಗೂ, ಹತ್ತು ವರ್ಷದ ಬಳ್ಳಿ ಹೆಣೆದುಕೊಂಡ ಬೇಲಿಗೂ ಇರುವ ವ್ಯತ್ಯಾಸ ಅದು. ಎರಡನೆಯದನ್ನು ಒಂದೇ ಏಟಿಗೆ ಕೀಳಲು ಆಗುವುದಿಲ್ಲ, ಒಂದೊಂದೇ ಬಳ್ಳಿ ಬಿಡಿಸಬೇಕು.

ಬಿಡಿಸುವುದು ಬಿಸಿ ಮತ್ತು ನೀರು. ಸುಮಾರು 60 ಡಿಗ್ರಿ ದಾಟಿದ ಮೇಲೆ ಹುರಿ ಸಡಿಲವಾಗತೊಡಗುತ್ತದೆ. 80ರ ಆಚೆ ಕೆಲಸ ಚುರುಕು. ಆದರೂ ಬಲಿತ ಕೋಳಿಗೆ ಗಂಟೆಗಟ್ಟಲೆ ಹೊತ್ತು ಬೇಕೇ ಬೇಕು. ಬಿಚ್ಚಿಕೊಂಡ ಎಳೆಗಳೇ ಜೆಲಾಟಿನ್. ಅವು ಸಾರಿನಲ್ಲಿ ತೇಲುತ್ತಾ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಿಸಿಯಿದ್ದಾಗ ನಾಲಿಗೆಗೆ ಬೆಣ್ಣೆಯ ನುಣುಪು, ತುಟಿಗೆ ಅಂಟು. ತಣ್ಣಗಾದಾಗ ಎಳೆಗಳು ಮತ್ತೆ ಅಲ್ಲಲ್ಲಿ ಹೆಣೆದುಕೊಂಡು ಬಲೆಯಾಗುತ್ತವೆ, ಬಲೆಯೊಳಗೆ ನೀರು ಸಿಕ್ಕಿಬೀಳುತ್ತದೆ. ನನ್ನ ಮಗಳು ನೋಡಿದ್ದು ಆ ಬಲೆಯನ್ನೇ. ಕೆನೆ, ಗೋಡಂಬಿ ಏನೂ ಹಾಕದೆ ಸಾರು ಮದುವೆ ಮನೆಯ ಸಾರಿನ ಹಾಗೆ ದಪ್ಪಗಾದದ್ದು ಇದರಿಂದ.

ಹಾಗಾದರೆ ಜೋರು ಉರಿ ಇಟ್ಟು ಬೇಗ ಮುಗಿಸಬಾರದಾ? ಕುದಿಯುವ ನೀರಿಗೆ ಎಷ್ಟೇ ಉರಿ ಕೊಟ್ಟರೂ ಅದರ ಬಿಸಿ ಏರುವುದಿಲ್ಲ, ಆವಿ ಮಾತ್ರ ಹೆಚ್ಚುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಇಲ್ಲಿ ಪಾತ್ರೆಯಲ್ಲಿಟ್ಟ ಬೇಳೆ ಮಂಗಳೂರಿಗಿಂತ ನಿಧಾನ ಬೇಯುವುದು. ಪ್ರೆಶರ್ ಕುಕ್ಕರ್ ಒಳಗೆ ಬಿಸಿ 120ರ ಹತ್ತಿರ ಹೋಗುತ್ತದೆ, ಕೊಲಾಜೆನ್ ಬೇಗ ಕರಗುತ್ತದೆ, ನಿಜ. ಆದರೆ ಅಷ್ಟು ಬಿಸಿಗೆ ಮಾಂಸದ ಎಳೆಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಮ್ಮ ನೀರನ್ನೆಲ್ಲ ಹೊರಹಾಕುತ್ತವೆ. ನಮ್ಮತ್ತೆ "ಎಂಟು ವಿಸಿಲ್ ಕೂಗಿಸು" ಅನ್ನುತ್ತಾರೆ. ವಿಸಿಲ್ ಅಂದರೆ ಹೆಚ್ಚಾದ ಆವಿ ಹೊರಗೆ ಹೋಗುವ ಸದ್ದು. ಉರಿ ದೊಡ್ಡದಾದರೆ ಹತ್ತು ನಿಮಿಷಕ್ಕೇ ಎಂಟು ಕೂಗೀತು, ಸಣ್ಣದಾದರೆ ಅರ್ಧ ಗಂಟೆಯೂ ಆದೀತು. ಎಣಿಸಬೇಕಾದದ್ದು ನಿಮಿಷಗಳನ್ನು.

ನಿಧಾನದ ಈ ಗುಣ ಹಿಂದೆ ಒಬ್ಬರಿಗೆ ಅಚಾನಕ್ಕಾಗಿ ಗೊತ್ತಾಯಿತು. 18ನೇ ಶತಮಾನದ ವಿಜ್ಞಾನಿ ಕೌಂಟ್ ರಮ್‌ಫರ್ಡ್ ಆಲೂಗಡ್ಡೆ ಒಣಗಿಸುವ ತನ್ನ ಯಂತ್ರದಲ್ಲಿ ಕುರಿಯ ಮುಂಗಾಲಿನ ಮಾಂಸ ಇಟ್ಟು ನೋಡಿದ. ಮೂರು ಗಂಟೆಯಾದರೂ ಬೇಯಲಿಲ್ಲ. ಬೇಸತ್ತು ಕೈಬಿಟ್ಟ. ಅಡುಗೆಯ ಹೆಂಗಸರು ಅದನ್ನು ರಾತ್ರಿಯೆಲ್ಲ ಅಲ್ಲೇ ಬಿಟ್ಟರು. ಬೆಳಿಗ್ಗೆ ನೋಡಿದರೆ ಹದವಾಗಿ, ಮೆತ್ತಗೆ ಬೆಂದಿತ್ತು. ಮುಂದೆ ಷಿಕಾಗೋದ ಇರ್ವಿಂಗ್ ನ್ಯಾಕ್ಸನ್, ತನ್ನ ಅಜ್ಜಿ ಲಿಥುವೇನಿಯಾದಲ್ಲಿ ಸಬ್ಬತ್ ದಿನದ, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನದ, ಊಟದ ಮಡಕೆಯನ್ನು ಬೇಕರಿಯ ಒಲೆಯ ಉಳಿದ ಬಿಸಿಯಲ್ಲಿ ರಾತ್ರಿಯಿಡೀ ಬೇಯಿಸುತ್ತಿದ್ದ ಕಥೆಯನ್ನು ತಾಯಿಯಿಂದ ಕೇಳಿ, ಕರೆಂಟ್ ಮಡಕೆ ಮಾಡಿದ. 1940ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1971ರಲ್ಲಿ ಅದೇ ಕ್ರಾಕ್‌ಪಾಟ್ ಎಂಬ ಹೆಸರಿನ ಸ್ಲೋ ಕುಕ್ಕರ್ ಆಗಿ ಮಾರುಕಟ್ಟೆಗೆ ಬಂತು. ಕೊಡಗಿನ ಸೌದೆ ಒಲೆ ಕಂಡವರಿಗೆ ಇದೇನು ಹೊಸದಲ್ಲ. ಕೆಂಡದ ಮೇಲೆ ಮಣ್ಣಿನ ಮಡಕೆ ಬಿಟ್ಟು ತೋಟಕ್ಕೆ ಹೋಗುವುದು ಇದೇ ಲೆಕ್ಕ.

ಕರೆಂಟ್ ಬಿಲ್ಲಿನ ಭಯ ಬೇಡ. ನಮ್ಮದು 200 ವಾಟ್‌ನ ಸ್ಲೋ ಕುಕ್ಕರ್, 7 ಗಂಟೆ ಓಡಿದರೂ 1.4 ಯೂನಿಟ್ ದಾಟುವುದಿಲ್ಲ. ಅಂಗಡಿಯಲ್ಲಿ ಕೋಳಿಯ ಜೊತೆ ಕಾಲುಗಳನ್ನೂ ಕೇಳಿ ತನ್ನಿ. ತೀರ ಅಗ್ಗ. ಅವುಗಳಲ್ಲಿ ಚರ್ಮ, ನರ, ಮೂಳೆ ಬಿಟ್ಟರೆ ಬೇರೇನೂ ಇಲ್ಲ, ಅಂದರೆ ಅವುಗಳ ಪ್ರೋಟೀನಿನಲ್ಲಿ ಬಹುಪಾಲು ಕೊಲಾಜೆನ್ನೇ. ಬಿಸಿ ನೀರಿಗೆ ಹಾಕಿ ಮೇಲಿನ ಹಳದಿ ಸಿಪ್ಪೆ ಸುಲಿದು ನಾಲ್ಕು ಕಾಲು ಹಾಕಿದರೆ ಸಾರಿನ ಹದವೇ ಬೇರೆ.

ಮೊದಲು ಬಾಣಲೆಯಲ್ಲಿ ಕೋಳಿಯನ್ನು ಕೆಂಪಗೆ ಹುರಿಯಬೇಕು. ಹುರಿದರೆ ರಸ ಒಳಗೇ ಉಳಿಯುತ್ತದೆ ಎಂದು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 1847ರಲ್ಲಿ ಬರೆದ, ಜನ ಇಂದಿಗೂ ನಂಬುತ್ತಾರೆ. ಅದು ತಪ್ಪು. ಹುರಿಯುವುದು ಪರಿಮಳಕ್ಕೆ. ಆ ಪರಿಮಳ ಹುಟ್ಟಲು 140 ಡಿಗ್ರಿಯಷ್ಟು ಒಣ ಬಿಸಿ ಬೇಕು, ಸ್ಲೋ ಕುಕ್ಕರ್ ಒಳಗೆ ಅದು ಎಂದೂ ಬರುವುದಿಲ್ಲ. ಕೊತ್ತಂಬರಿ, ಜೀರಿಗೆ, ಸಾಸಿವೆ, ಮನೆಯ ಕರಿಮೆಣಸು ಎಲ್ಲವನ್ನೂ ಕಪ್ಪಾಗುವ ಹತ್ತಿರ ಹುರಿದು ಪುಡಿ ಮಾಡುವುದೂ ಪರಿಮಳಕ್ಕೇ. ಆಮೇಲೆ ಈರುಳ್ಳಿ, ಒಂದೇ ಲೋಟ ನೀರು. ಮುಚ್ಚಳ ಹಾಕಿದ ಮೇಲೆ ಕೋಳಿಯೇ ನೀರು ಬಿಡುತ್ತದೆ. ಮತ್ತೆ ಮತ್ತೆ ತೆಗೆದು ನೋಡಬೇಡಿ, ತೆಗೆದಾಗಲೆಲ್ಲ ಕೂಡಿಟ್ಟ ಬಿಸಿ ಹೋಗುತ್ತದೆ.

ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಅಲ್ವಾ. ಹಾಗಾಗಿ ಗ್ಯಾಸ್ ಮೇಲೆ ಒಂದು ಕುದಿ ಬರಿಸಿಯೇ ಸ್ಲೋ ಕುಕ್ಕರ್‌ಗೆ ಹಾಕುತ್ತೇನೆ. 5ರಿಂದ 60 ಡಿಗ್ರಿಯ ನಡುವೆ ಕೋಳಿ ಗಂಟೆಗಟ್ಟಲೆ ಕೂತರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಫ್ರೀಜರ್‌ನ ಗಡ್ಡೆಯನ್ನು ನೇರ ಹಾಕುವುದಂತೂ ಬೇಡವೇ ಬೇಡ. ಕರೆಂಟ್ ಹೋದರೆ ಕಾಯುತ್ತಾ ಕೂರದೆ ಸಾರನ್ನು ಬೇರೆ ಪಾತ್ರೆಗೆ ಸುರಿದು ಒಲೆಗೆ ಇಡಿ.

ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಕೊನೆಗೆ, ಒಂದೇ ಚಮಚ. ಮೊದಲೇ ಹಾಕಿದರೆ ಹುಳಿಗೆ ಈರುಳ್ಳಿ ಕರಗದೆ ಗರಿಗರಿ ಉಳಿಯುತ್ತದೆ. ಕಪ್ಪು ಹನಿ ಬಿದ್ದ ಕೂಡಲೇ ಸಾರಿನ ಬಣ್ಣ ಗಾಢವಾಗುತ್ತದೆ, ಅಡುಗೆಮನೆಯ ತುಂಬ ಹುಳಿ ಘಮ. ಅಷ್ಟರಲ್ಲಿ ಅಕ್ಕಿತರಿಯ ಉಂಡೆ ಕಡಂಬುಟ್ಟು ಬೆಂದಿರಬೇಕು. ಶನಿವಾರ ಅತ್ತೆ ತೊಡೆಯ ತುಂಡನ್ನು ಎತ್ತಿದರು, ಮೂಳೆ ಕೈಯಲ್ಲಿ ಉಳಿಯಿತು, ಮಾಂಸ ತಟ್ಟೆಗೆ ಜಾರಿತು. "ಲೇಯರಾ ಇದು?" ಅಂತ ಎರಡು ಸಲ ಕೇಳಿದರು.